ಫೋಟೋ ಹಿಂದಿನ ಮೂರು ಸಾಲು

ಇಸ್ತಾಂಬುಲ್‌ನಲ್ಲಿ ಊಟ ಮುಗಿಸಿ ಬಿಲ್ ಕೇಳಬೇಕಾದರೆ ‘ಹೆಸಾಪ್’ ಅನ್ನಬೇಕು. ಮೊದಲ ದಿನ ಅದು ಕಿವಿಗೆ ಬಿದ್ದಾಗ ನಗು ಬಂತು. ನಮ್ಮ ಕಲಬುರಗಿಯಲ್ಲಿ ಕಿರಾಣಿ ಅಂಗಡಿಯವರೂ ‘ಹಿಸಾಬ್ ಮುಗಸ್ರಿ’ ಅಂತಲೇ ಅನ್ನೋದು. ಉತ್ತರಕ್ಕೆ ಅವರು ‘ಜೆವಾಪ್’ ಅಂತಾರೆ, ನಮ್ಮ ಜವಾಬು. ಇತಿಹಾಸಕ್ಕೆ ‘ತಾರಿಹ್’. ದಿನಾಂಕಕ್ಕೂ ಅದೇ ಪದ, ನಮ್ಮ ತಾರೀಖು. ಇತಿಹಾಸಕ್ಕೂ ತಾರೀಖಿಗೂ ಒಂದೇ ಪದ ಇಟ್ಟುಕೊಂಡ ದೇಶದಲ್ಲಿ ಎಲ್ಲ ಕಥೆಯೂ ತಾರೀಖಿನಿಂದಲೇ ಶುರುವಾಗುತ್ತೆ ಅಂತ ಆಗ ಗೊತ್ತಿರಲಿಲ್ಲ.

ಮೂರು ವಾರದ ಆಫೀಸ್ ಕೆಲಸಕ್ಕೆ ಹೋಗಿದ್ದೆ, 2023ರ ಅಕ್ಟೋಬರ್‌ನಲ್ಲಿ. ಆ ತಿಂಗಳ 29ಕ್ಕೆ ಟರ್ಕಿ ಗಣರಾಜ್ಯಕ್ಕೆ ಸರಿಯಾಗಿ ನೂರು ವರ್ಷ. ಎಲ್ಲಿ ನೋಡಿದರೂ ಕೆಂಪು ಬಾವುಟ, ಕಟ್ಟಡದಷ್ಟು ಎತ್ತರದ ಅತಾತುರ್ಕ್ ಚಿತ್ರ. ಎರಡು ವರ್ಷ ಬರೀ ವಿಡಿಯೋ ಕಾಲ್‌ನಲ್ಲಿ ನೋಡಿದ್ದ ನಮ್ಮ ಟೀಮಿನ ಹುಡುಗಿ ಎದುರಿಗೆ ಸಿಕ್ಕಿದಾಗ ಅಪ್ಪಿಕೊಂಡೆವು. ನನಗಿಂತ ಆರು ವರ್ಷ ಚಿಕ್ಕವಳು. ಗಿಡ್ಡ ಕೂದಲು, ಕಿವಿಗೆ ನಾಲ್ಕು ರಿಂಗು, ಮಾತು ಪಟಪಟ. ಹೆಸರು ಬೇಡ, ಗೆಳತಿ ಅಂತಲೇ ಕರೀತೀನಿ.

ಶನಿವಾರ ಅವಳೇ ನನ್ನನ್ನು ಹಗಿಯಾ ಸೋಫಿಯಾ ತೋರಿಸಲು ಕರೆದುಕೊಂಡು ಹೋದಳು. ಬಾಗಿಲ ಹತ್ತಿರ ಹೆಂಗಸರು ತಲೆ ಮುಚ್ಚಿಕೊಳ್ಳಬೇಕು. ನಾನು ದುಪಟ್ಟಾ ಎಳೆದುಕೊಂಡೆ, ನಮ್ಮೂರಿನ ಖ್ವಾಜಾ ಬಂದೇ ನವಾಜ್ ದರ್ಗಾಕ್ಕೆ ಹೋದಾಗಲೂ ಅದೇ ಮಾಡೋದು, ಹೊಸದೇನಲ್ಲ. ಗೆಳತಿ ಮಾತ್ರ ನಿಂತುಬಿಟ್ಟಳು. “ನೀನು ಹೋಗಿ ಬಾ. ನಾನು ಇಲ್ಲೇ ಸಿಮಿತ್ ತಿಂತಾ ಇರ್ತೀನಿ.”

ಆಮೇಲೆ ಹೇಳಿದಳು. ಆರನೇ ಕ್ಲಾಸಿನಲ್ಲಿ ಸ್ಕೂಲಿನವರು ಕರೆತಂದಾಗ ಇದು ಮ್ಯೂಸಿಯಂ. ಬರಿತಲೆಯಲ್ಲಿ ಓಡಾಡಿ, ಮೇಲಿನ ಮೊಗಸಾಲೆಯಲ್ಲಿ ಏಸುವಿನ ಮೊಸಾಯಿಕ್ ಚಿತ್ರದ ಎದುರು ನಿಂತು ಬಾಯಿ ತೆರೆದು ನೋಡಿದ್ದಳಂತೆ. ಕಟ್ಟಿದ್ದು ಚರ್ಚ್ ಆಗಿ, 537ರಲ್ಲಿ. 1453ರಲ್ಲಿ ಆಟೊಮನ್ನರು ಊರು ಗೆದ್ದ ಮೇಲೆ ಮಸೀದಿ. 1934ರಲ್ಲಿ ಅತಾತುರ್ಕ್ ಸರ್ಕಾರ ಅದನ್ನು ಮ್ಯೂಸಿಯಂ ಮಾಡಿತು. 2020ರ ಜುಲೈ 10ರಂದು ಅಲ್ಲಿನ ಉನ್ನತ ಆಡಳಿತ ನ್ಯಾಯಾಲಯ ಆ ಹಳೇ ಆದೇಶವನ್ನೇ ರದ್ದು ಮಾಡಿತು, 24ಕ್ಕೆ ಶುಕ್ರವಾರದ ನಮಾಜು ನಡೆಯಿತು.

“ಅವತ್ತು ನಮ್ಮಮ್ಮ ಟೀವಿ ಮುಂದೆ ಕೂತು ಖುಷಿಗೆ ಅತ್ತರು. ನಾನು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಸಿಟ್ಟಿಗೆ ಅತ್ತೆ. ಗೋಡೆ ಮಾತ್ರ ಒಂದೇ,” ಅಂದಳು. “ನಾಳೆ ಮನೆಗೆ ಬಾ. ಅಮ್ಮನಿಗೆ ನೀನಂದ್ರೆ ಕುತೂಹಲ.”

ಭಾನುವಾರ ಫೆರಿ ಹತ್ತಿ ಬಾಸ್ಫರಸ್ ದಾಟಿ ಉಸ್ಕುದಾರ್‌ಗೆ ಹೋದೆ. ಅದು ನಗರದ ಏಷ್ಯಾ ಕಡೆಯ ದಡ. ಹಳೇ ಬಡಾವಣೆ, ಮಸೀದಿಗಳ ಸಾಲು, ಮೂರನೇ ಮಹಡಿಯಲ್ಲಿ ಅವರ ಮನೆ. ಚಪ್ಪಲಿ ಹೊರಗೆ ಬಿಡುವ ಮನೆ ಅಂದ ತಕ್ಷಣ ನನಗೆ ಅರ್ಧ ಸಮಾಧಾನ. ಗೆಳತಿಯ ಅಮ್ಮನಿಗೆ ನಲವತ್ತಾರು ವರ್ಷ. ತಲೆಗೆ ನೀಟಾಗಿ ಕಟ್ಟಿದ ನೀಲಿ ರೇಷ್ಮೆ ಸ್ಕಾರ್ಫ್. ಅಲ್ಲಿ ಅಮ್ಮನ ವಯಸ್ಸಿನವರನ್ನು ‘ತೇಯ್ಜೆ’ ಅಂತ ಕರೆಯಬೇಕು, ಅಂದರೆ ಚಿಕ್ಕಮ್ಮ ಅಥವಾ ದೊಡ್ಡಮ್ಮ. ನಾನು ಮಾಂಸ ತಿನ್ನಲ್ಲ ಅಂತ ಮಗಳು ಮೊದಲೇ ಹೇಳಿದ್ದಕ್ಕೆ ಮಸೂರ್ ಬೇಳೆಯ ಸೂಪು ಮಾಡಿಟ್ಟಿದ್ದರು. ನಮ್ಮ ಬೇಳೆಕಟ್ಟಿಗೆ ನಿಂಬೆಹಣ್ಣು ಹಿಂಡಿದ ಹಾಗಿತ್ತು. ಎರಡು ಬಟ್ಟಲು ಕುಡಿದೆ.

ತೇಯ್ಜೆಗೆ ಇಂಗ್ಲಿಷ್ ಸ್ವಲ್ಪ ಸ್ವಲ್ಪ, ಉಳಿದದ್ದಕ್ಕೆ ಮಗಳು. ಹಗಿಯಾ ಸೋಫಿಯಾ ಹೇಗನ್ನಿಸಿತು ಅಂತ ಕೇಳಿದರು. ನಾನು ಏನೋ ಹೇಳುವಷ್ಟರಲ್ಲಿ ಮಗಳು ಬಾಗಿಲಲ್ಲಿ ನಿಂತದ್ದನ್ನು ಹೇಳಿಬಿಟ್ಟಳು. ಇಬ್ಬರ ನಡುವೆ ತುರ್ಕಿಯಲ್ಲಿ ಎರಡು ನಿಮಿಷ ಏರುದನಿ. ನನಗೆ ಟೀ ಲೋಟ ನೋಡುತ್ತಾ ಕೂರೋದು ಬಿಟ್ಟು ದಾರಿ ಇರಲಿಲ್ಲ.

ಆಮೇಲೆ ತೇಯ್ಜೆ ನನ್ನ ಕಡೆ ತಿರುಗಿ ತಮ್ಮ ಕಥೆ ಹೇಳಿದರು. 1998ರಲ್ಲಿ ಅವರು ಡಿಗ್ರಿ ಮೂರನೇ ವರ್ಷ. ಅದರ ಹಿಂದಿನ ವರ್ಷ, 1997ರ ಫೆಬ್ರವರಿ 28ಕ್ಕೆ, ಸೈನ್ಯದ ಜನರಲ್‌ಗಳು ಇಸ್ಲಾಮಿಸ್ಟ್ ಪ್ರಧಾನಿ ಎರ್ಬಾಕಾನ್ ಮುಂದೆ ಒಂದು ಪಟ್ಟಿ ಇಟ್ಟಿದ್ದರು. ಟ್ಯಾಂಕು ಬೀದಿಯಲ್ಲಿ ಗುಂಡು ಹಾರಿಸಲಿಲ್ಲ, ಆದರೂ ಕೆಲವೇ ತಿಂಗಳಲ್ಲಿ ಸರ್ಕಾರ ಬಿತ್ತು. ಅದರ ಬೆನ್ನಿಗೇ ವಿಶ್ವವಿದ್ಯಾಲಯಗಳಲ್ಲಿ ಸ್ಕಾರ್ಫ್ ನಿಷೇಧ ಬಿಗಿಯಾಯಿತು. ಗೇಟಿನಲ್ಲಿ ತೆಗೆದರೆ ಒಳಗೆ, ಇಲ್ಲದಿದ್ದರೆ ಮನೆಗೆ. ಹುಡುಗಿಯರನ್ನು ಒಂದು ಕೋಣೆಯಲ್ಲಿ ಕೂರಿಸಿ ‘ಮನವೊಲಿಸುವ’ ವ್ಯವಸ್ಥೆಯೂ ಇತ್ತು. ತೇಯ್ಜೆ ಏನು ಮಾಡಿದರು ಗೊತ್ತಾ? ವಿಗ್ ತಂದರು. ಸ್ಕಾರ್ಫ್ ಮೇಲೆ ಕಂದು ಬಣ್ಣದ ವಿಗ್! ಹಾಗೆ ಮಾಡಿದ ಹುಡುಗಿಯರು ಆಗ ಬಹಳ ಜನ. “ಬೇಸಿಗೆಯಲ್ಲಿ ತಲೆ ಬೆಂದುಹೋಗ್ತಿತ್ತು. ಬಸ್ಸಲ್ಲಿ ಮಕ್ಕಳು ನಗ್ತಿದ್ರು.” ಕೊನೆಗೆ ವಿಗ್‌ಗೂ ಬೇಡ ಅಂದರು. ಓದು ಅಲ್ಲಿಗೆ ನಿಂತಿತು.

ಮುಂದಿನ ವರ್ಷ ಮೆರ್ವೆ ಕವಾಕ್ಚಿ ಅನ್ನುವವರು ಸಂಸತ್ತಿಗೆ ಆಯ್ಕೆಯಾದರು. 1999ರ ಮೇ 2ರಂದು ಸ್ಕಾರ್ಫ್ ಕಟ್ಟಿಕೊಂಡು ಪ್ರಮಾಣವಚನಕ್ಕೆ ಬಂದಾಗ ಸದಸ್ಯರು ಮೇಜು ಬಡಿದು ಕೂಗಾಡಿ ಅವರನ್ನು ಹೊರಗೆ ಕಳಿಸಿದರು. ಪ್ರಮಾಣ ಆಗಲೇ ಇಲ್ಲ, ಆಮೇಲೆ ಪೌರತ್ವವೂ ಹೋಯಿತು. ತೇಯ್ಜೆ ಅದನ್ನು ಟೀವಿಯಲ್ಲಿ ನೋಡಿದಾಗ ಹೊಸದಾಗಿ ಮದುವೆಯಾಗಿದ್ದರು. ವಿಶ್ವವಿದ್ಯಾಲಯಗಳಲ್ಲಿ 2010ರಿಂದ ನಿಷೇಧ ಸಡಿಲವಾಯಿತು, ಸರ್ಕಾರಿ ಕಚೇರಿಗಳಲ್ಲಿ 2013ಕ್ಕೆ ಹೋಯಿತು. “ಅಷ್ಟೊತ್ತಿಗೆ ನನ್ನ ಮಗಳೇ ಸ್ಕೂಲಿಗೆ ಹೋಗ್ತಿದ್ದಳು. ನನ್ನನ್ನು ಗೇಟಿನಲ್ಲಿ ತೆಗಿ ಅಂದರು, ಇವಳನ್ನು ಹಾಕು ಅಂದರು. ಎರಡೂ ಒಂದೇ ಅಂತಾಳೆ ಇವಳು. ಒಂದೇ ಹೇಗಾಗುತ್ತೆ? ಅದು ಕಾಲೇಜು, ಇದು ಮಸೀದಿ.”

ಅವರ ಮಾತು ಸರಿ ಅನ್ನಿಸಿತು. ಮಗಳ ಮಾತು ತಪ್ಪು ಅಂತಲೂ ಅನ್ನಿಸಲಿಲ್ಲ. 2023ರ ಮೇ ಚುನಾವಣೆಯಲ್ಲಿ ಅಮ್ಮ ಎರ್ದೊಗಾನ್‌ಗೆ, ಮಗಳು ಎದುರಾಳಿಗೆ. ಸುಮಾರು 52ಕ್ಕೆ 48, ಇಡೀ ದೇಶವೇ ಈ ಮನೆಯ ಹಾಗೆ.

ನಿಜ ಹೇಳ್ತೀನಿ, ಟರ್ಕಿ ಬಗ್ಗೆ ನನಗೆ ಗೊತ್ತಿದ್ದದ್ದು ಹೈಸ್ಕೂಲಿನ ಒಂದು ಪ್ಯಾರಾ. ಮುಸ್ತಫಾ ಕೆಮಾಲ್ ಬಂದ, ಖಲೀಫನನ್ನು ಓಡಿಸಿದ, ದೇಶವನ್ನು ಆಧುನಿಕ ಮಾಡಿದ. ಧರ್ಮ ಒಂದು ಕಡೆ, ಸರ್ಕಾರ ಒಂದು ಕಡೆ, ಅಷ್ಟೇ. ಆ ರಾತ್ರಿ ಹೋಟೆಲಿಗೆ ಬಂದು ಓದುತ್ತಾ ಕೂತಾಗ ನನ್ನನ್ನು ನಿಲ್ಲಿಸಿದ್ದು ಒಂದು ತಾರೀಖು: 1924ರ ಮಾರ್ಚ್ 3. ಖಲೀಫಗಿರಿ ರದ್ದಾದ ದಿನ. ಅದೇ ದಿನ ಅದೇ ಸಂಸತ್ತು ‘ದಿಯಾನೆತ್’ ಎಂಬ ಧಾರ್ಮಿಕ ವ್ಯವಹಾರಗಳ ಇಲಾಖೆಯನ್ನೂ ಹುಟ್ಟುಹಾಕಿತು. ಅಂದರೆ ಧರ್ಮವನ್ನು ಸರ್ಕಾರದಿಂದ ಬೇರೆ ಮಾಡಲೇ ಇಲ್ಲ. ಖಲೀಫನ ಕೈಯಿಂದ ತೆಗೆದು ಸರ್ಕಾರಿ ಆಫೀಸಿನ ಕೈಗೆ ಕೊಟ್ಟರು. ಇವತ್ತಿಗೂ ದೇಶದ ಎಂಬತ್ತು ಸಾವಿರಕ್ಕೂ ಹೆಚ್ಚು ಮಸೀದಿಗಳ ಇಮಾಮರಿಗೆ ಸಂಬಳ ಸರ್ಕಾರದ್ದು, ಶುಕ್ರವಾರದ ಪ್ರವಚನ ಮೇಲಿನಿಂದ ಬರುತ್ತೆ.

ಇದೊಂದು ತಿಳಿದ ಮೇಲೆ ಉಳಿದದ್ದೆಲ್ಲ ಬೇರೆ ಥರ ಕಾಣತೊಡಗಿತು. 1925ರಲ್ಲಿ ಟೋಪಿ ಕಾಯ್ದೆ ಬಂತು. ಗಂಡಸರು ಫೆಜ್ ಬಿಟ್ಟು ಯುರೋಪಿನ ಹ್ಯಾಟ್ ಹಾಕಬೇಕು. ಇಸ್ಕಿಲಿಪ್‌ನ ಆತಿಫ್ ಹೋಜಾ ಎಂಬ ವಿದ್ವಾಂಸ ಹ್ಯಾಟ್ ವಿರುದ್ಧ ಪುಸ್ತಿಕೆ ಬರೆದಿದ್ದರು, ಕಾಯ್ದೆ ಬರುವುದಕ್ಕೂ ಮೊದಲು. 1926ರಲ್ಲಿ ಅವರನ್ನು ಗಲ್ಲಿಗೇರಿಸಿದರು. 1932ರಿಂದ ಅಜಾನ್ ಅರಬಿಯಲ್ಲಿ ಕೂಗುವ ಹಾಗಿಲ್ಲ, ತುರ್ಕಿಯಲ್ಲೇ ಕೂಗಬೇಕು. ಹದಿನೆಂಟು ವರ್ಷ ಹಾಗೆ ನಡೆಯಿತು. 1950ರ ಮೇ 14ರಂದು ಗೆದ್ದು ಬಂದ ಅದ್ನಾನ್ ಮೆಂದೆರೆಸ್ ಸರ್ಕಾರ ಜೂನ್ 16ಕ್ಕೇ ಅರಬಿ ಅಜಾನ್ ವಾಪಸ್ ತಂದಿತು. ಹತ್ತು ವರ್ಷಕ್ಕೆ ಸೈನ್ಯ ಅವರನ್ನೂ ಇಳಿಸಿತು. 1961ರ ಸೆಪ್ಟೆಂಬರ್ 17, ಮೆಂದೆರೆಸ್‌ಗೆ ಗಲ್ಲು. ಕಲಬುರಗಿಯವಳಿಗೆ ಆ ತಾರೀಖು ಕಣ್ಣಿಗೆ ಬೀಳದೆ ಇರುತ್ತಾ? ನಮಗದು ನಿಜಾಮನ ಆಳ್ವಿಕೆ ಮುಗಿದ ದಿನ, ಬಾವುಟ ಹಾರಿಸಿ ಲಾಡು ಹಂಚುವ ದಿನ.

ಕೆಮಾಲ್ ಕೆಲಸವನ್ನೆಲ್ಲ ತಪ್ಪು ಅಂತ ಹೇಳೋಕೆ ನನಗೆ ಮನಸ್ಸಿಲ್ಲ. 1926ರಲ್ಲಿ ಸ್ವಿಸ್ ಮಾದರಿಯ ಸಿವಿಲ್ ಕಾನೂನು ತಂದು ಬಹುಪತ್ನಿತ್ವ ನಿಲ್ಲಿಸಿದರು. 1934ರಲ್ಲಿ ಹೆಂಗಸರಿಗೆ ಸಂಸತ್ತಿಗೆ ಮತ ಹಾಕುವ, ನಿಲ್ಲುವ ಹಕ್ಕು ಕೊಟ್ಟರು. ಫ್ರಾನ್ಸ್‌ನ ಹೆಂಗಸರು ಅದಕ್ಕೆ ಇನ್ನೂ ಹತ್ತು ವರ್ಷ ಕಾದರು. ಗೆಳತಿ ಒಬ್ಬಳೇ ಬಾಡಿಗೆ ಮನೆ ಹಿಡಿಯುವ ಯೋಚನೆ ಮಾಡುತ್ತಿರುವುದಕ್ಕೆ ಆ ಕಾನೂನುಗಳ ಋಣ ಇದೆ, ಅವಳೇ ಹೇಳ್ತಾಳೆ. ಆದರೆ ಅಷ್ಟು ಗಟ್ಟಿಮುಟ್ಟಾಗಿ ಕಟ್ಟಿದ ಇಲಾಖೆ ಒಂದು ದಿನ ಬೇರೆಯವರ ಕೈಗೂ ಹೋಗುತ್ತೆ ಅಂತ ಆಗ ಯಾರೂ ಯೋಚಿಸಿದ ಹಾಗಿಲ್ಲ. ಎರ್ದೊಗಾನ್ 1999ರಲ್ಲಿ ಒಂದು ಪದ್ಯ ಹೇಳಿದ್ದಕ್ಕೆ ನಾಲ್ಕು ತಿಂಗಳು ಜೈಲಿನಲ್ಲಿದ್ದವರು. ಅವರ ಪಕ್ಷ 2002ರಲ್ಲಿ ಗೆದ್ದಾಗ ಹೊಸದಾಗಿ ಏನೂ ಕಟ್ಟಬೇಕಾಗಿರಲಿಲ್ಲ, ದಿಯಾನೆತ್ ಸಿದ್ಧವಾಗಿತ್ತು.

ನಮ್ಮ ಟೀಮಿನ ಇನ್ನೊಬ್ಬ ಹುಡುಗ ಅಲೆವಿ. ಅವರದು ಇಸ್ಲಾಮಿನ ಒಳಗಿನದೇ ಬೇರೆ ದಾರಿ. ನಮಾಜಿಗಿಂತ ಹಾಡು, ವಾದ್ಯ, ಗಂಡು ಹೆಣ್ಣು ಒಟ್ಟಿಗೆ ಸೇರುವ ಸಭೆ ಮುಖ್ಯ. ಅವರ ತೆರಿಗೆಯಲ್ಲೂ ದಿಯಾನೆತ್ ನಡೆಯುತ್ತೆ, ಅವರ ಸಭಾಮನೆಗೆ ಮಾತ್ರ ಮಸೀದಿಯ ಸ್ಥಾನ ಇಲ್ಲ. ಸೈನ್ಯ ಬರೆಸಿದ 1982ರ ಸಂವಿಧಾನ ಶಾಲೆಯಲ್ಲಿ ಧರ್ಮದ ಪಾಠ ಕಡ್ಡಾಯ ಮಾಡಿತು, ಅವನು ಕೂತು ಕಲಿತದ್ದು ಸುನ್ನಿ ಪಾಠ. 1993ರ ಜುಲೈ 2ರಂದು ಸಿವಾಸ್ ಊರಿನಲ್ಲಿ ಅಲೆವಿ ಹಬ್ಬಕ್ಕೆ ಸೇರಿದ್ದವರ ಹೋಟೆಲಿಗೆ ಗುಂಪು ಬೆಂಕಿ ಹಚ್ಚಿತು. ಕವಿಗಳು, ಹಾಡುಗಾರರು, ಕುಣಿಯಲು ಬಂದ ಮಕ್ಕಳು ಸೇರಿ 33 ಜನ, ಹೋಟೆಲಿನ ಇಬ್ಬರು ಕೆಲಸಗಾರರೂ ಸತ್ತರು. “ನಮಗೆ ಸ್ಕಾರ್ಫ್ ಹಾಕಿದವರೂ ಏನೂ ಮಾಡಲಿಲ್ಲ, ತೆಗೆಸಿದವರೂ ಏನೂ ಮಾಡಲಿಲ್ಲ,” ಅಂದ. ಊಟದ ಟೇಬಲ್ಲಿನಲ್ಲಿ ಅದಕ್ಕೆ ಯಾರೂ ಜವಾಬು ಕೊಡಲಿಲ್ಲ.

ಮುಂದಿನ ಭಾನುವಾರ ನೂರರ ಹಬ್ಬ. ಸಂಜೆ ಬಾಸ್ಫರಸ್‌ನಲ್ಲಿ ಬಾಣಬಿರುಸು, ಅದಕ್ಕೂ ಮೊದಲು ಮತ್ತೆ ತೇಯ್ಜೆ ಮನೆಯಲ್ಲಿ ಟೀ. ಅವತ್ತು ಅವರು ಎತ್ತರದ ಕಪಾಟಿನಿಂದ ಒಂದು ಬಟ್ಟೆಯ ಗಂಟು ಇಳಿಸಿದರು. ಕುರ್‌ಆನ್ ಪಕ್ಕದಲ್ಲೇ ಇರುತ್ತಂತೆ. ಬಿಚ್ಚಿ, ತುಟಿಗೆ ಹಣೆಗೆ ಒತ್ತಿಕೊಂಡು ನನಗೆ ಕೊಟ್ಟರು. ಒಳಗೆ ಹಳೇ ಫೋಟೋ. ಕಪ್ಪು ನಿಲುವಂಗಿಯ ಹೆಂಗಸು, ತೊಡೆಯ ಮೇಲೆ ಮಗು. ಮಗು ತೇಯ್ಜೆಯ ಅಜ್ಜಿ. ಹಿಂದೆ ಮೂರು ಸಾಲು, ಅರಬಿ ಲಿಪಿಯಲ್ಲಿ.

“ಇದು ಅಜ್ಜಿಯ ಅಪ್ಪ ಬರೆದ ದುಆ. ಅಜ್ಜಿ ಹಾಗೇ ಹೇಳ್ತಿದ್ರು.” ಮಗುವಿಗಾಗಿ ಮಾಡಿದ ಪ್ರಾರ್ಥನೆ ಅಂತ.

“ಏನು ದುಆ?” ಅಂತ ಕೇಳಿದೆ. ಯಾರಿಗೂ ಗೊತ್ತಿಲ್ಲ.

ಸುಲಭದ ಲೆಕ್ಕ ಇದು. 1928ರ ನವೆಂಬರ್ 1ರಂದು ಟರ್ಕಿ ಅರಬಿ ಲಿಪಿ ಬಿಟ್ಟು ಲ್ಯಾಟಿನ್ ಅಕ್ಷರಕ್ಕೆ ಬದಲಾಯಿತು. ಎರಡೇ ತಿಂಗಳಲ್ಲಿ, 1929ರ ಜನವರಿಯಿಂದ, ಹಳೇ ಲಿಪಿಯಲ್ಲಿ ಪುಸ್ತಕ ಅಚ್ಚು ಹಾಕುವ ಹಾಗಿಲ್ಲ. ಅಜ್ಜಿ ಶಾಲೆಗೆ ಸೇರಿದ್ದು ಆಗಲೇ, ಹೊಸ ಅಕ್ಷರದ ಮೊದಲ ಮಕ್ಕಳಲ್ಲಿ ಒಬ್ಬರು. ಬರೆದ ಅಪ್ಪ ಬೇಗ ತೀರಿಕೊಂಡಿದ್ದರು, ಅಮ್ಮನಿಗೆ ಓದು ಬರುತ್ತಿರಲಿಲ್ಲ. ತೇಯ್ಜೆಗೆ ಕುರ್‌ಆನ್ ಓದಲು ಬರುತ್ತೆ, ಆದರೆ ಅದರಲ್ಲಿ ಸ್ವರಚಿಹ್ನೆಗಳು ಸ್ಪಷ್ಟವಾಗಿರುತ್ತವೆ. ಇದು ಗಡಿಬಿಡಿಯ ಕೈಬರಹ. ಓದಿಸಲು ಜನ ಸಿಗುವುದಿಲ್ಲ ಅಂತಲ್ಲ, ಈಗ ಹಳೇ ಲಿಪಿ ಕಲಿಸುವ ಕ್ಲಾಸುಗಳೇ ಇವೆ. ಓದಿಸಿರಲಿಲ್ಲ, ಅಷ್ಟೇ. ಅವರನ್ನು ಆಡಿಕೊಳ್ಳುವ ಯೋಗ್ಯತೆ ನನಗಿಲ್ಲ. ನಮ್ಮ ಮನೆಯ ಟ್ರಂಕಿನಲ್ಲೂ ಉರ್ದು ಕಾಗದಗಳಿವೆ, ಪಹಣಿಯೋ ಸಾಲಪತ್ರವೋ. ಓದಲು ಬರುವುದು ಮುತ್ಯಾಗೆ ಒಬ್ಬರಿಗೇ. ನಾನು ಒಂದು ದಿನವೂ ಕೂತು ಕೇಳಿಲ್ಲ.

ಮುತ್ಯಾ ಅಂದರೆ ನಮ್ಮಪ್ಪನ ಅಪ್ಪ. ನಿಜಾಮನ ಕಾಲದಲ್ಲಿ ಉರ್ದುವಿನಲ್ಲಿ ಶಾಲೆ ಕಲಿತವರು, ಈಗ ಎಂಬತ್ತೆಂಟು. ಒಂದು ಕ್ಷಣ ಯೋಚಿಸಿ ಫೋಟೋದ ಹಿಂಬದಿ ವಾಟ್ಸಾಪ್ ಮಾಡಿದೆ, ಚಿಕ್ಕಪ್ಪನ ಮಗನಿಗೆ ಫೋನ್ ಹಚ್ಚಿದೆ. ಅಲ್ಲಿ ಆಗ ಸಂಜೆ ಆರೂವರೆ. ಸ್ಕ್ರೀನಿನಲ್ಲಿ ಮುತ್ಯಾನ ಅರ್ಧ ಮುಖ, ಅರ್ಧ ಫ್ಯಾನು.

“ಯವ್ವಾ, ಆರಾಮ ಅದೀ? ಇದೇನು, ಇರುವಿ ಹರದಂಗ ಬರದಾರಲ್ಲ! ನಮ್ಮ ಕೈಬರಹ ಅಲ್ಲ ಇದು.” ಕನ್ನಡಕ ಬದಲಾಯಿಸಿದರು. ಮೊಮ್ಮಗನಿಗೆ “ದೊಡ್ದು ಮಾಡೋ ಅದನ್ನ” ಅಂದರು. ಬಹಳ ಹೊತ್ತು ತುಟಿ ಅಲ್ಲಾಡುತ್ತಿತ್ತು. “ಮ್ಯಾಲಿಂದು ಯಾದ್‌ಗಾರ್. ನೆನಪಿಗಿ ಅಂತ.”

“ಯಾದಿಗಾರ್!” ತೇಯ್ಜೆ ಕುರ್ಚಿಯಿಂದ ಎದ್ದರು. ತುರ್ಕಿಯಲ್ಲೂ ಅದೇ ಪದ, ಅದೇ ಅರ್ಥ.

“ಕರೀಮ… ಕರೀಮಮ್ ಅದ. ಹುಡುಗಿ ಹೆಸರಿರಬೇಕು, ಕರೀಮಾ. ವ. ಮುಂದ ವಾಲಿದಾ… ತಾಯಿ. ಬಾಲಕ್ಕ ಏನೋ ಹಚ್ಯಾರ, ತಿಳಿವಲ್ದು.”

ತೇಯ್ಜೆ ಮಗಳಿಗೆ ಅಲ್ಲ ಅಲ್ಲ ಅಂತ ತಲೆಯಾಡಿಸಿ ಹೇಳಿದರು. ಅದು ಹೆಸರಲ್ಲ. ‘ಕೆರಿಮೆ’ ಅಂದರೆ ಹಳೇ ತುರ್ಕಿಯಲ್ಲಿ ಮಗಳು, ಮರ್ಯಾದೆಯಿಂದ ಹೇಳುವ ಪದ. ಕೆರಿಮೆಮ್ ವೆ ವಾಲಿದೆಸಿ. ನನ್ನ ಮಗಳು ಮತ್ತು ಅವಳ ತಾಯಿ. ಮುತ್ಯಾಗೆ ಅಕ್ಷರ ಗೊತ್ತು, ಭಾಷೆ ಗೊತ್ತಿಲ್ಲ. ತೇಯ್ಜೆಗೆ ಭಾಷೆ ಗೊತ್ತು, ಅಕ್ಷರ ಗೊತ್ತಿಲ್ಲ. ನಾನು ಗೆಳತಿ ಇಬ್ಬರೂ ನಡುವೆ ಬಾಯಿ ತೆರೆದುಕೊಂಡು ಕೂತಿದ್ದೆವು.

“ಕಡೀಕ ಅಸ್ಕದಾರ… ಉಸ್ಕದಾರ… ಊರೇನು ಇದು?”

“ಉಸ್ಕುದಾರ್!” ಮೂವರೂ ಒಟ್ಟಿಗೆ ಕೂಗಿದೆವು.

“ಸನ್ 1340. ಹಿಜರಿನೋ ಫಸ್ಲಿನೋ ಕೇಳು. ನಮ್ಮ ಫಸ್ಲಿ ಇದ್ರ 1930 ಆಗ್ತದ.” ಎರಡೂ ಅಲ್ಲ ಅಂತ ಗೆಳತಿ ಫೋನಿನಲ್ಲಿ ಹುಡುಕಿ ಹೇಳಿದಳು. ಆಟೊಮನ್ನರ ಕಂದಾಯದ ಪಂಚಾಂಗ ಬೇರೆ ಇತ್ತಂತೆ, 584 ಕೂಡಿಸಬೇಕು. 1924. ಖಲೀಫನನ್ನು ಕಳಿಸಿಬಿಟ್ಟ ಅದೇ ವರ್ಷ.

ಅದನ್ನು ಹೇಳಿದ್ದಕ್ಕೆ ಮುತ್ಯಾ ಹಗುರವಾಗಿ ಅಂದರು, “ಖಲೀಫನ ಮಗಳು ನಮ್ಮ ನಿಜಾಮನ ಸೊಸಿ ಅಲ್ಲೇನು? ದುರ್ರುಶೆಹ್ವಾರ್. ಹೈದರಾಬಾದಿನಾಗ ಆಕಿ ಹೆಸರಿಂದು ದವಾಖಾನಿ ಅದ.” ಹೌದು. ಕೊನೆಯ ಖಲೀಫ ಅಬ್ದುಲ್‌ಮೆಜಿದ್‌ರನ್ನು ದೊಲ್ಮಬಾಹ್ಚೆ ಅರಮನೆಯಿಂದ ಬೆಳಗಾಗುವ ಮೊದಲೇ ಹೊರಡಿಸಿ ರೈಲು ಹತ್ತಿಸಿದಾಗ ಮಗಳಿಗೆ ಹತ್ತು ವರ್ಷ. ದೇಶ ಬಿಟ್ಟ ಆ ಕುಟುಂಬಕ್ಕೆ ತಿಂಗಳು ತಿಂಗಳು ದುಡ್ಡು ಕಳಿಸಿದವರಲ್ಲಿ ಹೈದರಾಬಾದಿನ ನಿಜಾಮರೂ ಒಬ್ಬರು. 1931ರಲ್ಲಿ ಫ್ರಾನ್ಸಿನ ನೀಸ್‌ನಲ್ಲಿ ಅವರ ಹಿರಿಮಗನ ಜೊತೆ ಮದುವೆ. ತೇಯ್ಜೆಗೆ ಆ ಹೆಸರು ಗೊತ್ತಿತ್ತು, ಸೊಸೆಯಾಗಿ ಹೋದ ಊರು ನಮ್ಮ ಮುತ್ಯಾನ ರಾಜಧಾನಿ ಅಂತ ಗೊತ್ತಿರಲಿಲ್ಲ. ಮುತ್ಯಾನನ್ನು ಕೈಮುಗಿಯುವ ಹಾಗೆ ನೋಡಿದರು.

ನನಗೆ ಒಳಗೊಳಗೇ ಇರುಸುಮುರುಸು. ಆ ನಿಜಾಮನ ಕೊನೆಗಾಲದಲ್ಲಿ ರಜಾಕಾರರಿಗೆ ಹೆದರಿ ಮುತ್ಯಾನ ಮನೆಯವರು ಸೊಲ್ಲಾಪುರಕ್ಕೆ ಓಡಿಹೋಗಿದ್ದರು. 1948ರ ಪೊಲೀಸ್ ಆ್ಯಕ್ಷನ್ ಆದ ಮೇಲೆ ವಾಪಸ್ ಬಂದರೆ ಉರ್ದು ಕಲಿಸಿದ ಮಾಸ್ತರು ಊರಲ್ಲಿರಲಿಲ್ಲ. ಅವರಿಗೇನಾಯಿತು ಅಂತ ಮುತ್ಯಾ ಇವತ್ತಿನವರೆಗೂ ಪೂರ್ತಿ ಹೇಳಿಲ್ಲ. ಇದನ್ನೆಲ್ಲ ವಿಡಿಯೋ ಕಾಲ್‌ನಲ್ಲಿ ತುರ್ಕಿಗೆ ಹೇಗೆ ದಾಟಿಸೋದು? ಸುಮ್ಮನಾದೆ. ಮುತ್ಯಾನೇ ಹೇಳಿದರು, “ಆಕಿಗಿ ಹೇಳವ್ವಾ, ಅಕ್ಷರ ಚಂದ ಅದ ಅಂತ. ಬರದಾಂವ ಕಲ್ತಾಂವ ಇದ್ದ.”

ಹೇಳಿದೆ. ಫೋನಿಟ್ಟ ಮೇಲೆ ತೇಯ್ಜೆ ಫೋಟೋ ತಿರುಗಿಸಿ ತಿರುಗಿಸಿ ನೋಡಿದರು. ಮೊದಲು ನಕ್ಕರು. ನೂರು ವರ್ಷ ದುಆ ಅಂತ ಹಣೆಗೆ ಒತ್ತಿಕೊಂಡದ್ದು ಫೋಟೋದ ಹಿಂದೆ ಎಲ್ಲರೂ ಬರೆಯುವ ಹಾಗೆ ಬರೆದದ್ದು. ಯಾರು, ಎಲ್ಲಿ, ಯಾವ ವರ್ಷ. ಮಗಳೂ ನಕ್ಕಳು, “ದೇವರ ಹೆಸರು ಒಂದು ಕಡೆಯೂ ಇಲ್ಲ ಅಮ್ಮಾ.” ಆಮೇಲೆ ತೇಯ್ಜೆ ಸುಮ್ಮನಾದರು. ಏನೋ ಅಂದರು. ಗೆಳತಿ ತಕ್ಷಣ ಅನುವಾದ ಮಾಡಲಿಲ್ಲ, ಅಮ್ಮನ ಪಕ್ಕ ಹೋಗಿ ಕೂತಳು. ಆಮೇಲೆ ನನಗೆ ಹೇಳಿದಳು, “ಅಜ್ಜಿಗೆ ಇದನ್ನು ಯಾರಾದರೂ ಓದಿ ಹೇಳಬೇಕಿತ್ತು ಅಂತಿದ್ದಾರೆ. ಅಪ್ಪ ತನ್ನನ್ನು ಏನಂತ ಕರೀತಿದ್ದರು ಅಂತ ಅಜ್ಜಿ ಯಾವಾಗಲೂ ಕೇಳ್ತಿದ್ದರಂತೆ.”

ಹೊರಗೆ ಹಡಗುಗಳ ಸಿಳ್ಳೆ ಶುರುವಾಗಿತ್ತು. ಬಾಣಬಿರುಸು ನೋಡಲು ಗೆಳತಿ ಕೆಂಪು ಟೀಶರ್ಟ್ ಹಾಕಿಕೊಂಡು ಬಂದಳು, ಎದೆ ಮೇಲೆ ಅತಾತುರ್ಕ್ ಸಹಿ. ಲ್ಯಾಟಿನ್ ಅಕ್ಷರದ ಸಹಿ. ತೇಯ್ಜೆ ಸ್ಕಾರ್ಫ್ ಸರಿಮಾಡಿಕೊಂಡರು. ಹೊರಡುವ ಮೊದಲು ಫೋಟೋವನ್ನು ಅದೇ ಬಟ್ಟೆಯಲ್ಲಿ ಸುತ್ತಿ, ಮತ್ತೆ ತುಟಿಗೆ ಹಣೆಗೆ ಒತ್ತಿಕೊಂಡು, ಕಪಾಟಿನ ಅದೇ ಜಾಗದಲ್ಲಿ ಇಟ್ಟರು.